ಯೇಸು, ಮುಹಮ್ಮದ್ ಹೋಲಿಕೆ: ಯಾವ ವರ್ಷಗಳ ಪಕ್ಕ ಯಾವ ವರ್ಷ ಇಡುತ್ತೀರಿ?

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಕೆಲವು ವಾರಗಳಿಂದ ಒಂದು ಹಗ್ಗಜಗ್ಗಾಟ ನಡೆಯುತ್ತಿದೆ. ಯೇಸು ಕತ್ತಿ ಹಿಡಿಯಲಿಲ್ಲ, ಮುಹಮ್ಮದರು ಹಿಡಿದರು, ಇಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ ಎಂದು ಒಬ್ಬರು ಬರೆದರು. ಜಗತ್ತಿನ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಮುಹಮ್ಮದರೇ ಮೊದಲು, ಯೇಸು ಮೂರನೆಯವರು, ಇನ್ನೇನು ಬೇಕು ಎಂದು ಇನ್ನೊಬ್ಬರು ತಿರುಗೇಟು ಕೊಟ್ಟರು. ಎರಡನ್ನೂ ಓದಿ ನಗು ಬಂತು, ಸಿಟ್ಟೂ ಬಂತು. ಹೋಲಿಸಬಾರದು ಎಂದು ನಾನು ಹೇಳುವುದಿಲ್ಲ. ಹೋಲಿಸಿ. ಆದರೆ ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಬೇಡಿ.

ನಾನು ಬಂಟ್ವಾಳ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದವಳು. ಈ ಎರಡೂ ಧರ್ಮದವಳಲ್ಲ. ಆದರೆ ಒಂಬತ್ತನೇ ತರಗತಿಗೆ ಪ್ರತಿ ವರ್ಷ ಈ ಇಬ್ಬರ ಪಾಠ ಮಾಡಬೇಕಿತ್ತು. ನಮ್ಮ ಕಡೆ ಒಂದೇ ಬೆಂಚಿನಲ್ಲಿ ಬ್ಯಾರಿ ಹುಡುಗಿ, ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಹುಡುಗಿ, ಬಿಲ್ಲವರ ಹುಡುಗಿ ಕೂತಿರುತ್ತಾರೆ. ಬಾಯಿಗೆ ಬಂದದ್ದು ಹೇಳಿ ಪಾರಾಗುವ ಹಾಗಿಲ್ಲ. ಒಂದು ಮಾತು ಆಚೀಚೆ ಆದರೂ ಮಾರನೇ ದಿನ ಮದ್ರಸದಿಂದಲೋ, ಚರ್ಚಿನ ಭಾನುವಾರದ ಕ್ಲಾಸಿನಿಂದಲೋ ತಿದ್ದುಪಡಿ ಬರುತ್ತಿತ್ತು. ಹಾಗಾಗಿ ಸ್ವಲ್ಪ ಜಾಸ್ತಿಯೇ ಓದಿಕೊಳ್ಳಬೇಕಾಯಿತು.

ಮೊದಲು ಆ ಪಟ್ಟಿಯ ವಿಷಯ ಮುಗಿಸಿಬಿಡುತ್ತೇನೆ. ಅದನ್ನು ಮಾಡಿದವರು ಅಮೆರಿಕದ ಮೈಕೆಲ್ ಹಾರ್ಟ್, 1978ರಲ್ಲಿ. ಮುಹಮ್ಮದರು ಮೊದಲು, ಆಮೇಲೆ ನ್ಯೂಟನ್, ಮೂರನೆಯವರು ಯೇಸು. ಆರನೇ ಜಾಗದಲ್ಲಿ, ಯೇಸುವಿನ ನಂತರ ಅವರ ಬೋಧನೆಯನ್ನು ಊರೂರಿಗೆ ಹರಡಿದ ಸಂತ ಪೌಲ ಇದ್ದಾರೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹಾರ್ಟ್ ಲೆಕ್ಕ ಹಾಕಿದ್ದು ಪ್ರಭಾವವನ್ನು, ಒಳ್ಳೆಯತನವನ್ನಲ್ಲ. ಅದೇ ಪಟ್ಟಿಯಲ್ಲಿ ಹಿಟ್ಲರನೂ ಇದ್ದಾನೆ! ಯೇಸುವಿಗೆ ಮೂರನೇ ಜಾಗ ಕೊಟ್ಟದ್ದಕ್ಕೆ ಅವರು ಹೇಳಿದ ಕಾರಣ ಮಾತ್ರ ಯೋಚಿಸುವಂಥದ್ದು. ಕ್ರೈಸ್ತ ಧರ್ಮ ಬೆಳೆದದ್ದರ ಪಾಲನ್ನು ಯೇಸು ಮತ್ತು ಪೌಲ ಇಬ್ಬರಿಗೂ ಹಂಚಬೇಕು, ಮುಹಮ್ಮದರಾದರೋ ಧರ್ಮವನ್ನೂ ರಾಜ್ಯವನ್ನೂ ತಾವೇ ಕಟ್ಟಿದರು ಎಂಬುದು ಅವರ ವಾದ. ಒಬ್ಬರ ಆಯುಸ್ಸಿನಲ್ಲೇ ನಡೆದದ್ದು ಇನ್ನೊಬ್ಬರ ವಿಷಯದಲ್ಲಿ ಬೇರೆಯವರ ಕೈಯಲ್ಲಿ, ಎಷ್ಟೋ ಕಾಲದ ಮೇಲೆ ನಡೆಯಿತು. ಪಟ್ಟಿಯನ್ನು ಮರೆತರೂ ಈ ಮಾತನ್ನು ಮರೆಯಬಾರದು. ಕತ್ತಿಯ ಪ್ರಶ್ನೆ ಸಿಕ್ಕಿಕೊಂಡಿರುವುದು ಇಲ್ಲೇ.

ಯೇಸು ಗಲಿಲಾಯ ಸೀಮೆಯಲ್ಲಿ ಬೋಧನೆ ಮಾಡಿದ್ದು ಒಂದರಿಂದ ಮೂರು ವರ್ಷ, ಅಷ್ಟೇ. ಮೇಲೆ ರೋಮನ್ನರ ಸಾಮ್ರಾಜ್ಯ. ಗಲಿಲಾಯಕ್ಕೆ ಅವರು ಕೂರಿಸಿದ ಹೆರೋದ ಅಂತಿಪ, ಯೂದಾಯಕ್ಕೆ ಪೊಂತ್ಯ ಪಿಲಾತ. ಯೇಸುವಿನ ಹತ್ತಿರ ಊರಿಲ್ಲ, ಕೋಟೆಯಿಲ್ಲ, ತೆರಿಗೆ ಇಲ್ಲ, ಸೈನಿಕರಿಲ್ಲ. ಸುಮಾರು ಕ್ರಿ.ಶ. 30ರ ಹೊತ್ತಿಗೆ ಅವರನ್ನು ಶಿಲುಬೆಗೆ ಏರಿಸಿದರು.

ಮುಹಮ್ಮದರಿಗೆ ಹಿರಾ ಗುಹೆಯಲ್ಲಿ ಮೊದಲ ವಾಣಿ ಬಂದದ್ದು 610ರಲ್ಲಿ. ಮದೀನಾಕ್ಕೆ ಹೊರಟದ್ದು 622ರಲ್ಲಿ. ಈ ನಡುವಿನ ಹನ್ನೆರಡು ವರ್ಷ ಅವರ ಹತ್ತಿರವೂ ಏನೂ ಇರಲಿಲ್ಲ. ಅವರ ಕುಲಕ್ಕೆ ಮೆಕ್ಕಾದವರು ಬಹಿಷ್ಕಾರ ಹಾಕಿದರು. 619ರಲ್ಲಿ ಹೆಂಡತಿ ಖದೀಜಾ ತೀರಿಕೊಂಡರು, ಆಸರೆಯಾಗಿದ್ದ ದೊಡ್ಡಪ್ಪ ಅಬೂ ತಾಲಿಬರೂ ಹೋದರು. ಈ ವರ್ಷಗಳಲ್ಲಿ ಅವರು ಕತ್ತಿ ಹಿಡಿಯಲಿಲ್ಲ. ಮದೀನಾದ ಹತ್ತು ವರ್ಷಗಳನ್ನು ತಂದು ಗಲಿಲಾಯದ ಪಕ್ಕ ಇಟ್ಟು, ನೋಡಿ ಎಷ್ಟು ವ್ಯತ್ಯಾಸ ಅಂದರೆ ವ್ಯತ್ಯಾಸ ಕಾಣದೆ ಇರುತ್ತದಾ? ಗಲಿಲಾಯದ ಪಕ್ಕ ಇಡಬೇಕಾದದ್ದು ಮೆಕ್ಕಾವನ್ನು.

ಇಟ್ಟು ನೋಡಿ. ಸುವಾರ್ತೆ ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕ. ಲೂಕನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಯೇಸು ತಮ್ಮದೇ ಊರು, ಗಲಿಲಾಯದ ನಜರೇತಿಗೆ ಬರುತ್ತಾರೆ. ಸಭಾಮಂದಿರದಲ್ಲಿ ಗ್ರಂಥ ಓದುತ್ತಾರೆ. ಮೊದಮೊದಲು ಊರವರಿಗೆ ಖುಷಿ, ನಮ್ಮ ಯೋಸೇಫನ ಮಗ ಅಲ್ವಾ ಅಂತ. ಆಮೇಲೆ ಯೇಸು ಒಂದು ಹಳೆಯ ಕತೆ ನೆನಪಿಸುತ್ತಾರೆ. ಬರಗಾಲದಲ್ಲಿ ಎಲೀಯ ಪ್ರವಾದಿಯನ್ನು ದೇವರು ಕಳಿಸಿದ್ದು ಸ್ವಂತ ಜನರ ಮನೆಗಲ್ಲ, ಸೀದೋನಿನ ಒಬ್ಬ ಪರದೇಶಿ ವಿಧವೆಯ ಮನೆಗೆ. ಅಷ್ಟು ಸಾಕಾಯಿತು. ಜನ ಎದ್ದು ಅವರನ್ನು ಊರ ಹೊರಗೆ ದಬ್ಬಿಕೊಂಡು ಹೋದರು. ಊರಿದ್ದ ಗುಡ್ಡದ ಅಂಚಿನಿಂದ ಕೆಳಕ್ಕೆ ನೂಕುವುದು ಅವರ ಉದ್ದೇಶ. ಯೇಸು ಗುಂಪಿನ ನಡುವೆಯೇ ಹಾದು ಹೊರಟುಹೋದರು.

ಈಗ ತಾಯಿಫ್. ಮೆಕ್ಕಾದಿಂದ ಆಗ್ನೇಯಕ್ಕೆ ಬೆಟ್ಟದ ಮೇಲಿರುವ, ಹಣ್ಣಿನ ತೋಟಗಳ ತಂಪಾದ ಊರು. ಹೆಂಡತಿಯನ್ನೂ ದೊಡ್ಡಪ್ಪನನ್ನೂ ಕಳಕೊಂಡ ಮುಹಮ್ಮದರು ಇಲ್ಲಾದರೂ ಯಾರಾದರೂ ಕೇಳಿಯಾರು ಎಂದು ಹೋದರು. ಊರಿನ ಯಜಮಾನರು ಗೇಲಿ ಮಾಡಿದರು, ಪುಂಡರನ್ನು ಛೂ ಬಿಟ್ಟರು. ಕಲ್ಲು ಬಿತ್ತು, ಕಾಲಲ್ಲಿ ರಕ್ತ ಬಂತು. ಓಡಿಬಂದು ಒಂದು ದ್ರಾಕ್ಷಿ ತೋಟದಲ್ಲಿ ಕೂತರು. ಆ ತೋಟ ಉತ್ಬಾ, ಶೈಬಾ ಎಂಬ ಅಣ್ಣತಮ್ಮಂದಿರದ್ದು, ಇಬ್ಬರೂ ಮೆಕ್ಕಾದ ವಿರೋಧಿ ಪಾಳಯದವರು. ಆದರೂ ಆ ಹೊತ್ತಿಗೆ ಅವರಿಗೆ ಕನಿಕರ ಬಂತು. ತಟ್ಟೆಯಲ್ಲಿ ದ್ರಾಕ್ಷಿ ಇಟ್ಟು ತಮ್ಮ ಗುಲಾಮನ ಕೈಯಲ್ಲಿ ಕಳಿಸಿದರು. ಅವನ ಹೆಸರು ಅದ್ದಾಸ್, ಕ್ರೈಸ್ತ. ದೇವರ ಹೆಸರು ಹೇಳಿ ಮುಹಮ್ಮದರು ಹಣ್ಣಿಗೆ ಕೈ ಹಾಕಿದ್ದು ಕಂಡು ಅವನಿಗೆ ಆಶ್ಚರ್ಯ. ಈ ಊರಿನವರು ಹೀಗೆ ಹೇಳುವುದಿಲ್ಲವಲ್ಲ ಎಂದ. ನಿನ್ನ ಊರು ಯಾವುದು ಎಂದು ಇವರು ಕೇಳಿದರು. ನಿನೆವೆ ಎಂದ. ಹಾಗಾದರೆ ಯೂನುಸರ ಊರು, ಅವರು ನನ್ನ ಸಹೋದರ, ಅವರೂ ಪ್ರವಾದಿ, ನಾನೂ ಪ್ರವಾದಿ ಎಂದರು ಮುಹಮ್ಮದರು. ಅದ್ದಾಸ್ ಬಗ್ಗಿ ಅವರ ತಲೆಗೂ ಕೈಗೂ ಕಾಲಿಗೂ ಮುತ್ತಿಟ್ಟ. ಯೂನುಸ್ ಅಂದರೆ ಬೈಬಲಿನ ಯೋನ, ಮೀನು ನುಂಗಿದ್ದು ಅವರನ್ನೇ.

ಈ ಎರಡು ಘಟನೆ ಹೇಳಿದ ದಿನ ಕ್ಲಾಸಿನಲ್ಲಿ ಸದ್ದಿರುತ್ತಿರಲಿಲ್ಲ. ಪರೀಕ್ಷೆಗೆ ಎರಡೂ ಬರುವುದಿಲ್ಲ, ಅದು ಬೇರೆ ಮಾತು.

ಇನ್ನು ಮದೀನಾ. ಇಲ್ಲಿ ಮುಚ್ಚುಮರೆ ಮಾಡುವ ಅಗತ್ಯ ನನಗಿಲ್ಲ. ಇಲ್ಲಿ ಮುಹಮ್ಮದರು ಪ್ರವಾದಿಯ ಜೊತೆಗೆ ನ್ಯಾಯ ತೀರ್ಮಾನಿಸುವವರು, ಒಪ್ಪಂದ ಮಾಡುವವರು, ದಂಡನಾಯಕರು. 624ರಲ್ಲಿ ಬದ್ರ್ ಯುದ್ಧ. ದ್ರಾಕ್ಷಿ ಕಳಿಸಿದ ಆ ಉತ್ಬಾ ಮತ್ತು ಶೈಬಾ ಅಲ್ಲಿ ಎದುರು ಪಕ್ಷದಲ್ಲಿ ನಿಂತು ಸತ್ತರು. ಮರುವರ್ಷ ಉಹುದ್‌ನಲ್ಲಿ ಮುಸ್ಲಿಮರಿಗೆ ಪೆಟ್ಟು ಬಿತ್ತು, ಮುಹಮ್ಮದರೇ ಗಾಯಗೊಂಡರು. 627ರಲ್ಲಿ ಮೆಕ್ಕಾದವರು ಮದೀನಾಕ್ಕೆ ಹಾಕಿದ ಮುತ್ತಿಗೆ ಮುಗಿದ ಮೇಲೆ, ಶತ್ರುಗಳ ಜೊತೆ ಸೇರಿದರೆಂಬ ಆರೋಪದ ಮೇಲೆ, ಬನೂ ಕುರೈಝಾ ಎಂಬ ಯೆಹೂದಿ ಕುಲದ ನೂರಾರು ಗಂಡಸರನ್ನು ಕೊಂದದ್ದನ್ನು ಮುಸ್ಲಿಂ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. 630ರಲ್ಲಿ ಮೆಕ್ಕಾ ಕೈಗೆ ಬಂದಾಗ ಕೆಲವರನ್ನು ಬಿಟ್ಟು ಇಡೀ ಊರಿಗೆ ಕ್ಷಮೆ ಕೊಟ್ಟದ್ದನ್ನೂ ಅವರೇ ಬರೆದಿದ್ದಾರೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಎರಡೂ ಕಡೆ ಇದ್ದಾರೆ.

ಹಾಗಾದರೆ ಮದೀನಾದ ಪಕ್ಕ ಏನಿಡಬೇಕು? ಕ್ರೈಸ್ತರ ಕೈಗೆ ಅಧಿಕಾರ ಬಂದ ದಿನಗಳನ್ನು. ಅದಕ್ಕೆ ಸುಮಾರು ಮುನ್ನೂರು ವರ್ಷ ಹಿಡಿಯಿತು. 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರಿಗೆ ಮುಕ್ತ ಅವಕಾಶ ಕೊಟ್ಟ. 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. 380ರಲ್ಲಿ ಅದು ರೋಮ್ ಸಾಮ್ರಾಜ್ಯದ ಅಧಿಕೃತ ಧರ್ಮವೇ ಆಯಿತು. ಅದಾಗಿ ಐದಾರು ವರ್ಷಕ್ಕೆ ಪ್ರಿಸಿಲಿಯನ್ ಎಂಬ ಸ್ಪೇನಿನ ಬಿಷಪ್ಪನನ್ನು ಅದೇ ಕ್ರೈಸ್ತ ಸಾಮ್ರಾಜ್ಯ ಕೊಂದಿತು, ಪಾಷಂಡಿ, ಅಂದರೆ ಧರ್ಮದೊಳಗಿದ್ದೇ ದಾರಿ ತಪ್ಪಿದವನು, ಎಂಬ ಅಪವಾದ ಬೆನ್ನಿಗಿತ್ತು. 1099ರಲ್ಲಿ ಶಿಲುಬೆಯ ಯೋಧರು (ಕ್ರುಸೇಡರ್‌ಗಳು) ಜೆರುಸಲೇಮನ್ನು ಗೆದ್ದು ಅಲ್ಲಿನ ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕಾರ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆ ಯೇಸುವಿಗೆ ಎದುರಾಗಲಿಲ್ಲ, ಅವರ ಹಿಂಬಾಲಕರಿಗೆ ಎದುರಾಯಿತು. ಮುಹಮ್ಮದರಿಗೆ ಅದು ಐವತ್ತರ ಪ್ರಾಯದಲ್ಲೇ ಎದುರಾಯಿತು.

ಹೀಗೆಂದ ಮಾತ್ರಕ್ಕೆ ಇಬ್ಬರೂ ಒಂದೇ ಎಂದು ತೇಪೆ ಹಾಕುತ್ತಿಲ್ಲ. ವ್ಯತ್ಯಾಸ ದೊಡ್ಡದೇ. ಬಂಧಿಸಲು ಬಂದವರ ಮೇಲೆ ಕತ್ತಿ ಎಳೆದ ಶಿಷ್ಯನಿಗೆ, ಕತ್ತಿ ಹಿಡಿದವರು ಕತ್ತಿಯಿಂದಲೇ ಸಾಯುತ್ತಾರೆ ಎಂದರು ಯೇಸು. ಮತ್ತಾಯನ ಸುವಾರ್ತೆಯಲ್ಲಿದೆ. ಅವರ ಬದುಕಿನಿಂದ ಕಾನೂನು ಪುಸ್ತಕ ಹೊರಡುವುದಿಲ್ಲ. ಸಾಲ, ಆಸ್ತಿ ಪಾಲು, ಯುದ್ಧಕೈದಿ, ಇವುಗಳ ಬಗ್ಗೆ ಕ್ರೈಸ್ತ ರಾಜರು ಬಹುಪಾಲು ರೋಮನ್ ಕಾನೂನನ್ನೋ ತಮ್ಮ ನಾಡಿನ ಕಟ್ಟಳೆಯನ್ನೋ ನೋಡಿಕೊಂಡರು. ಮುಸ್ಲಿಮರಿಗಾದರೆ ಪ್ರವಾದಿ ಗಂಡನಾಗಿ, ಅಪ್ಪನಾಗಿ, ವ್ಯಾಪಾರಿಯಾಗಿ, ಆಳುವವರಾಗಿ ಹೇಗಿದ್ದರು ಎಂಬುದೇ ದಾರಿ. ಹಲ್ಲು ಉಜ್ಜುವುದರಿಂದ ಹಿಡಿದು ಆಸ್ತಿ ಹಂಚುವ ತನಕ. ಇದರಲ್ಲಿ ಲಾಭವೂ ಇದೆ, ಕಷ್ಟವೂ ಇದೆ. ಏಳನೇ ಶತಮಾನದ ಅರೇಬಿಯದಲ್ಲಿ ನಡೆದದ್ದರಲ್ಲಿ ಯಾವುದು ಎಲ್ಲ ಕಾಲಕ್ಕೆ, ಯಾವುದು ಆ ಕಾಲಕ್ಕೆ ಮಾತ್ರ ಎಂಬ ಚರ್ಚೆ ಮುಸ್ಲಿಂ ವಿದ್ವಾಂಸರ ನಡುವೆಯೇ ಮುಗಿದಿಲ್ಲ.

ಇನ್ನೊಂದು ಗಲಿಬಿಲಿ ಗ್ರಂಥಗಳದ್ದು. ನಾನು ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಹುಟ್ಟಿದ ಊರು, ವರ್ಷ, ಗ್ರಂಥ ಎಂದು ಬರೆಸುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗಿ ಎದ್ದಳು. "ಟೀಚರ್, ಬೈಬಲ್ ಬರೆದದ್ದು ಯೇಸುವಾ?" ಪಕ್ಕದವಳು ತಿರುಗಿ ಹೇಳಿದಳು, "ಇಲ್ಲ ಮಾರಾಯ್ತಿ, ಯೇಸು ಏನೂ ಬರೆದಿಟ್ಟಿಲ್ಲ." ಮೊದಲನೆಯವಳು, "ನಮ್ಮ ಪ್ರವಾದಿಯವರಿಗೂ ಓದು ಬರಹ ಬರ್ತಿರಲಿಲ್ಲ" ಅಂದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹಾಗಾದ್ರೆ ಟೀಚರ್, ನಾವ್ಯಾಕೆ ಮೂರು ಗಂಟೆ ಕೂತು ಬರೀಬೇಕು?" ಇಡೀ ಕ್ಲಾಸು ನಕ್ಕಿತು. ನನಗೂ ತಡೆಯಲಾಗಲಿಲ್ಲ.

ಆದರೆ ಆ ಮಕ್ಕಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಯೇಸುವಿನ ಬಗ್ಗೆ ಉಳಿದಿರುವ ಬರಹಗಳಲ್ಲಿ ಹಳೆಯವು ಪೌಲನ ಪತ್ರಗಳು, ಕ್ರಿ.ಶ. 50ರ ಆಸುಪಾಸಿನವು. ಪೌಲ ಯೇಸು ಬದುಕಿದ್ದಾಗ ಅವರ ಜೊತೆ ಓಡಾಡಿದವನಲ್ಲ. ಮಾರ್ಕನ ಸುವಾರ್ತೆ ಸುಮಾರು 70ರದ್ದು ಎನ್ನುತ್ತಾರೆ. ಮುಹಮ್ಮದರ ವಿಷಯದಲ್ಲಿ ಎರಡು ಬಗೆಯ ಮೂಲಗಳಿವೆ. ಕುರಾನ್ ಅವರ ಕಾಲದ್ದೇ, ಆದರೆ ಅದು ಜೀವನಚರಿತ್ರೆಯಲ್ಲ, ಅದರಲ್ಲಿ ಮುಹಮ್ಮದ್ ಎಂಬ ಹೆಸರು ಬರುವುದೇ 4 ಸಲ. ಜೀವನಚರಿತ್ರೆ ಬರೆದ ಇಬ್ನ್ ಇಸ್ಹಾಕ್ ತೀರಿಕೊಂಡದ್ದು ಸುಮಾರು 767ರಲ್ಲಿ, ಅಂದರೆ ಪ್ರವಾದಿ ಹೋಗಿ ನೂರು ವರ್ಷ ದಾಟಿದ ಮೇಲೆ. ತಾಯಿಫಿನ ದ್ರಾಕ್ಷಿಯ ಪ್ರಸಂಗ ನಮಗೆ ಸಿಗುವುದು ಅವರಿಂದಲೇ. ಹಾಗಾಗಿ ಸುವಾರ್ತೆಗಳ ಪಕ್ಕ ಇಡಬೇಕಾದದ್ದು ಕುರಾನನ್ನಲ್ಲ, ಈ ಜೀವನಚರಿತ್ರೆಗಳನ್ನು.

ಈಗ ಒಂದು ಸ್ವಾರಸ್ಯ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಅತಿ ಹಳೆಯ ತುಣುಕು ಎಂದು ಸಾಮಾನ್ಯವಾಗಿ ಹೇಳುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಲೈಬ್ರರಿಯಲ್ಲಿದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪಪೈರಸ್ ಚೂರು, ಬಹುಶಃ ಎರಡನೇ ಶತಮಾನದ್ದು. ಅತಿ ಹಳೆಯ ಕುರಾನ್ ಹಾಳೆಗಳಲ್ಲಿ ಎರಡು ಅದೇ ದೇಶದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ. ಆ ಚರ್ಮದ ಹಾಳೆ 568ರಿಂದ 645ರ ನಡುವಿನದು ಎಂದು ಕಾರ್ಬನ್ ಪರೀಕ್ಷೆಯಲ್ಲಿ ಬಂದದ್ದನ್ನು 2015ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಏನಿದೆ ಗೊತ್ತಾ? ಮ್ಯಾಂಚೆಸ್ಟರಿನ ಚೂರಿನಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಕೆಲವು ಸಾಲು, ಪಿಲಾತನ ಮುಂದೆ ಯೇಸುವಿನ ವಿಚಾರಣೆ, ಶಿಲುಬೆಗೆ ಹೋಗುವ ದಾರಿ. ಬರ್ಮಿಂಗ್‌ಹ್ಯಾಮಿನ ಒಂದು ಹಾಳೆ ಶುರುವಾಗುವುದು ಯೇಸುವಿನ ತಾಯಿಯ ಹೆಸರಿನ ಮರ್ಯಮ್ ಅಧ್ಯಾಯದ ಕೊನೆಯ ಸಾಲುಗಳಿಂದ, ದೇವರಿಗೆ ಮಗನಿದ್ದಾನೆ ಎನ್ನುವವರನ್ನು ಖಂಡಿಸುವ ಜಾಗದಿಂದ. ಯೇಸುವಿನ ಬಗ್ಗೆ ಎರಡು ಧರ್ಮಗಳು ಒಪ್ಪದೆ ಇರುವ ವಿಷಯ ಮುಖ್ಯವಾಗಿ ಈ ಎರಡೇ, ಯೇಸು ಶಿಲುಬೆಯಲ್ಲಿ ಸತ್ತರೇ ಮತ್ತು ಯೇಸು ದೇವರ ಮಗನೇ. ಕಾಲದ ಬಾಯಿಂದ ತಪ್ಪಿಸಿಕೊಂಡು ಬಂದ ಚೂರುಗಳಲ್ಲೂ ಅವೇ ಇವೆ.

ನನ್ನ ಮುಖ್ಯ ಮಾತು ಇಲ್ಲಿದೆ. ಈ ಇಬ್ಬರೂ ತಮ್ಮ ತಮ್ಮ ಧರ್ಮದಲ್ಲಿ ಕೂತಿರುವ ಜಾಗವೇ ಬೇರೆ. ಕ್ರೈಸ್ತರಿಗೆ ಯೇಸುವೇ ದೇವರ ವಾಕ್ಯ, ಮನುಷ್ಯನಾಗಿ ಬಂದದ್ದು. ಮುಸ್ಲಿಮರಿಗೆ ದೇವರ ವಾಕ್ಯ ಕುರಾನ್, ಮುಹಮ್ಮದರು ಅದನ್ನು ತಲುಪಿಸಿದವರು. ಹಬ್ಬಗಳನ್ನೇ ನೋಡಿ. ಕ್ರೈಸ್ತರ ದೊಡ್ಡ ಹಬ್ಬ ಕ್ರಿಸ್‌ಮಸ್ ಮತ್ತು ಈಸ್ಟರ್, ಯೇಸುವಿನ ಹುಟ್ಟು ಮತ್ತು ಪುನರುತ್ಥಾನ. ಮುಸ್ಲಿಮರ ಎರಡು ಈದ್‌ಗಳಲ್ಲಿ ಒಂದೂ ಪ್ರವಾದಿಯ ಜನ್ಮದಿನವಲ್ಲ. ಒಂದು ಕುರಾನ್ ಇಳಿದ ರಂಜಾನ್ ತಿಂಗಳು ಮುಗಿದಾಗ ಬರುತ್ತದೆ, ಇನ್ನೊಂದು ಇಬ್ರಾಹಿಮರು ಮಗನನ್ನು ಬಲಿ ಕೊಡಲು ಮುಂದಾದದ್ದರ ನೆನಪು. ಪ್ರವಾದಿಯ ಜನ್ಮದಿನವಾದ ಮೀಲಾದ್ ದಿನ ನಮ್ಮೂರಿನಲ್ಲಿ ಮದ್ರಸದ ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೋಗುತ್ತಾರೆ, ದಾರಿಯಲ್ಲಿ ಶರಬತ್ತು, ಮಿಠಾಯಿ. ಆದರೆ ಅದನ್ನು ಆಚರಿಸಲೇಬಾರದು ಎನ್ನುವ ಮುಸ್ಲಿಮರೂ ಇದ್ದಾರೆ. ಕ್ರಿಸ್‌ಮಸ್ ಬೇಡವೆನ್ನುವ ಕ್ರೈಸ್ತರು ಇಲ್ಲವೆಂದಲ್ಲ, ಆದರೆ ತುಂಬಾ ಕಡಿಮೆ.

ವರ್ಷ ಎಣಿಸುವುದೂ ಹಾಗೆಯೇ. ಕ್ರೈಸ್ತರು ಯೇಸುವಿನ ಹುಟ್ಟಿನಿಂದ ಎಣಿಸುತ್ತಾರೆ. (ಆರನೇ ಶತಮಾನದಲ್ಲಿ ಡಯೋನಿಸಿಯಸ್ ಎಂಬ ಸನ್ಯಾಸಿ ಹಾಕಿದ ಲೆಕ್ಕ ಕೆಲವು ವರ್ಷ ತಪ್ಪಿದೆ. ಯೇಸು ಹುಟ್ಟಿದಾಗ ಬದುಕಿದ್ದ ಹೆರೋದ ರಾಜ, ಅಂದರೆ ಅಂತಿಪನ ಅಪ್ಪ, ಕ್ರಿ.ಪೂ. 4ರಲ್ಲೇ ಸತ್ತಿದ್ದಾನೆ!) ಮುಸ್ಲಿಮರು ಎಣಿಸುವುದು ಪ್ರವಾದಿ ಹುಟ್ಟಿದ ವರ್ಷದಿಂದಲ್ಲ, ಮೊದಲ ವಾಣಿ ಬಂದ ವರ್ಷದಿಂದಲೂ ಅಲ್ಲ. ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷದಿಂದ, ಒಂದು ಸಮುದಾಯ ತನ್ನ ಕಾಲ ಮೇಲೆ ನಿಂತ ವರ್ಷದಿಂದ.

ಇದರಿಂದ ಒಂದು ಕಡೆ ಭಾರ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುವ ವಿಷಯವೂ ಇದೆ. ಮುಸ್ಲಿಮರಿಗೆ ಯೇಸುವನ್ನು ಹೀಗಳೆಯುವ ದಾರಿಯೇ ಇಲ್ಲ. ಈಸಾ (ಯೇಸು) ಎಂಬ ಹೆಸರು ಕುರಾನಿನಲ್ಲಿ 25 ಸಲ ಬರುತ್ತದೆ. ಇಡೀ ಕುರಾನಿನಲ್ಲಿ ಹೆಸರು ಹೇಳಿದ ಹೆಂಗಸು ಒಬ್ಬರೇ, ಅವರ ತಾಯಿ ಮರ್ಯಮ್. ಮುಹಮ್ಮದರ ತಾಯಿಯ ಹೆಸರಿಲ್ಲ, ಹೆಂಡತಿಯರ ಹೆಸರಿಲ್ಲ, ಮಗಳ ಹೆಸರಿಲ್ಲ. ಕನ್ಯೆಯ ಹೊಟ್ಟೆಯಲ್ಲಿ ಯೇಸು ಹುಟ್ಟಿದ್ದನ್ನು ಕುರಾನ್ ಒಪ್ಪುತ್ತದೆ, ಶಿಲುಬೆಯ ಸಾವನ್ನು ಒಪ್ಪುವುದಿಲ್ಲ. 615ರ ಹೊತ್ತಿಗೆ ಮೆಕ್ಕಾದ ಹಿಂಸೆ ತಾಳದೆ ಒಂದಷ್ಟು ಮುಸ್ಲಿಮರು ಕೆಂಪು ಸಮುದ್ರ ದಾಟಿ ಅಬಿಸೀನಿಯಾದ (ಈಗಿನ ಇಥಿಯೋಪಿಯಾ ಕಡೆಯ) ಕ್ರೈಸ್ತ ರಾಜನ ಆಶ್ರಯಕ್ಕೆ ಹೋದರು. ಹಿಡಿದು ಕೊಡಿ ಎಂದು ಮೆಕ್ಕಾದವರು ಬೆನ್ನಟ್ಟಿ ಬಂದಾಗ, ಪ್ರವಾದಿಯ ದೊಡ್ಡಪ್ಪನ ಮಗ ಜಾಫರ್ ರಾಜನ ಮುಂದೆ ಓದಿದ್ದು ಮರ್ಯಮ್ ಅಧ್ಯಾಯವನ್ನು. ರಾಜ ಅತ್ತನಂತೆ. ಅವರನ್ನು ಬಿಟ್ಟುಕೊಡಲಿಲ್ಲ. ಮೆಕ್ಕಾ ಗೆದ್ದ ಮೇಲೆ ಕಾಬಾದೊಳಗಿನ ಚಿತ್ರಗಳನ್ನೆಲ್ಲ ಅಳಿಸಿ ಎಂದ ಮುಹಮ್ಮದರು ಮರ್ಯಮ್ ಮತ್ತು ಮಗುವಿನ ಚಿತ್ರದ ಮೇಲೆ ಕೈ ಇಟ್ಟು ಅದನ್ನು ಉಳಿಸಿದರು ಎಂದು ಮೆಕ್ಕಾದ ಹಳೆಯ ಇತಿಹಾಸಕಾರ ಅಲ್ ಅಜ್ರಕಿ ಬರೆದಿದ್ದಾನೆ. ಎಲ್ಲ ಮೂಲಗಳೂ ಹಾಗೆ ಹೇಳುವುದಿಲ್ಲ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಎನ್ನುವ ಚರ್ಚಿನ ಬಾಗಿಲಿನ ಕೀಲಿಕೈ ಮಾತ್ರ ಶತಮಾನಗಳಿಂದ ಇಂದಿನವರೆಗೂ ಮುಸ್ಲಿಂ ಮನೆತನದ ಕೈಯಲ್ಲಿದೆ, ಇದರಲ್ಲಿ ಅನುಮಾನವಿಲ್ಲ.

ಕ್ರೈಸ್ತರ ಕಡೆ ಇಂಥ ಬಾಗಿಲು ಮೊದಲಿನಿಂದ ಇರಲಿಲ್ಲ. ಅವರ ಗ್ರಂಥ ಮುಗಿದು ನೂರಾರು ವರ್ಷದ ಮೇಲೆ ಬಂದವರು ಮುಹಮ್ಮದರು. ಎಂಟನೇ ಶತಮಾನದ ದಮಾಸ್ಕಸ್‌ನ ಯೋಹಾನ ಎಂಬ ಕ್ರೈಸ್ತ ಸನ್ಯಾಸಿ ಇಸ್ಲಾಮನ್ನು ಕ್ರೈಸ್ತ ಪಾಷಂಡ ಮತಗಳ ಸಾಲಿಗೆ ಸೇರಿಸಿದ. 1965ರಲ್ಲಿ ಕ್ಯಾಥೋಲಿಕ್ ಬಿಷಪ್ಪರ ವ್ಯಾಟಿಕನ್ ಸಭೆಯ ಘೋಷಣೆ ಮುಸ್ಲಿಮರನ್ನು ಗೌರವದಿಂದ ಕಾಣುತ್ತೇವೆ ಎಂದಿತು, ಅವರ ಪ್ರಾರ್ಥನೆ, ಉಪವಾಸ, ದಾನ ಎಲ್ಲವನ್ನೂ ಹೆಸರಿಸಿತು. ಮುಹಮ್ಮದರ ಹೆಸರನ್ನು ಮಾತ್ರ ಎತ್ತಲಿಲ್ಲ. ನನ್ನ ಕ್ಯಾಥೋಲಿಕ್ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಅದು ಕಷ್ಟದ ಪ್ರಶ್ನೆ ಟೀಚರ್, ಅವರು ಜಾಣತನ ಮಾಡಿದ್ದಾರೆ" ಎಂದಿದ್ದರು. ಜಾಣತನವೋ ಅಳುಕೋ, ನನಗೆ ಎರಡೂ ಅನಿಸುತ್ತದೆ.

ಸಂಪಾದಕರೇ, ಈ ವಾದವನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಸುಮ್ನೆ ಒಂದು ಷರತ್ತು ಹಾಕಿ. ಬರೆಯುವವರು ಯಾವ ಗ್ರಂಥ, ಯಾವ ಅಧ್ಯಾಯ, ಯಾವ ವರ್ಷ ಎಂದು ಹೇಳಲಿ. ಫಾರ್ವರ್ಡ್ ಬಂದದ್ದನ್ನು ಕಳಿಸುವವರ ಪತ್ರ ಕಸದ ಬುಟ್ಟಿಗೆ ಹೋಗಲಿ. ಬೈಬಲ್, ಕುರಾನ್ ಎರಡೂ ಕನ್ನಡದಲ್ಲಿ ಸಿಗುತ್ತವೆ. ಮಾರ್ಕನ ಸುವಾರ್ತೆ 16 ಅಧ್ಯಾಯ, ಮರ್ಯಮ್ ಅಧ್ಯಾಯ 98 ವಚನ. ಎರಡನ್ನೂ ಓದಲು ಒಂದು ಭಾನುವಾರ ಧಾರಾಳವಾಗಿ ಸಾಕು, ಮಧ್ಯಾಹ್ನದ ನಿದ್ದೆ ಬಿಡಬೇಕಾಗಿಯೂ ಇಲ್ಲ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ಬಂಟ್ವಾಳ ತಾಲ್ಲೂಕು, ದಕ್ಷಿಣ ಕನ್ನಡ